ಪುಸ್ತಕಕ್ಕೆ 150, ಸಾಗಣೆಗೆ 120: ಪೆರ್ಲ ಅಷ್ಟು ದೂರವೇ?

ಪೆರ್ಲದವಳು
ಭಾನುವಾರ, ರಾತ್ರಿ 9.40

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ಕಾಸರಗೋಡಿನ ಗಡಿ ಊರು ಪೆರ್ಲ. ಮಗಳು ಆರನೆಯ ತರಗತಿ, ಕನ್ನಡ ಮಾಧ್ಯಮ. ರಜೆಯಲ್ಲಿ ಓದಿದ ಕಥೆ ಪುಸ್ತಕದ ಎರಡನೆಯ ಭಾಗ ಬೇಕೆಂದು ಒಂದು ತಿಂಗಳಿನಿಂದ ಸೆರಗು ಹಿಡಿದು ತಿರುಗುತ್ತಿದ್ದಾಳೆ. ಇವತ್ತು ಬೆಂಗಳೂರಿನ ಒಬ್ಬ ಪುಸ್ತಕ ಮಾರಾಟಗಾರರ ಜಾಲತಾಣದಲ್ಲಿ ಸಿಕ್ಕಿತು. ಬೆಲೆ 150 ರೂಪಾಯಿ. ಖುಷಿಯಿಂದ ವಿಳಾಸ ತುಂಬಲು ಕುಳಿತೆ. ಮನೆಯ ಹೆಸರು, ಅಂಚೆ, ಊರು. ಅಲ್ಲಿಯವರೆಗೆ ಕೆಳಗೆ ‘ಸಾಗಣೆ 40’ ಎಂದು ಇತ್ತು. ಪಿನ್‌ಕೋಡಿನ ಐದು ಅಂಕಿ ಒತ್ತಿದೆ, 67155. ಕೊನೆಯ 2 ಒತ್ತಿದ್ದೇ ತಡ, ಪರದೆಯ ನಡುವೆ ಒಂದು ಚಕ್ರ ಗಿರ್ರನೆ ತಿರುಗಿತು. ರಾಜ್ಯದ ಜಾಗದಲ್ಲಿ ತಾನಾಗಿಯೇ ‘ಕೇರಳ’ ಎಂದು ಬಂದು ಕುಳಿತಿತು, 40 ಹೋಗಿ 120 ಆಯಿತು. ಪಕ್ಕದಲ್ಲಿ ಕುಳಿತಿದ್ದ ಮಗಳು, “ಅಮ್ಮಾ, ಆ ಎರಡು ಅಳಿಸಿ ನೋಡಿ” ಎಂದಳು. ಅಳಿಸಿದೆ. 40 ಮರಳಿ ಬಂತು. ಮತ್ತೆ ಒತ್ತಿದೆ, 120.

ಹಟಕ್ಕೆ ಬಿದ್ದು ಬೀದರಿನ ಪಿನ್‌ಕೋಡ್ ಹಾಕಿ ನೋಡಿದೆ. 40 ರೂಪಾಯಿ! ಬೆಂಗಳೂರಿನಿಂದ ಬೀದರಿಗೆ ಏಳುನೂರು ಕಿಲೋಮೀಟರ್ ಆಸುಪಾಸು. ನಮ್ಮಲ್ಲಿಗೆ ಹೆಚ್ಚುಕಡಿಮೆ ಅದರ ಅರ್ಧ. ಅಡ್ಕಸ್ಥಳದ ಆಚೆ ಕಾಲಿಟ್ಟರೆ ಕರ್ನಾಟಕ. ಮಾತು ಕನ್ನಡ, ಓದು ಕನ್ನಡ, ಕೊಳ್ಳುವುದು ಕನ್ನಡ ಪುಸ್ತಕ. ಆದರೆ ಸಾಗಣೆಯ ಲೆಕ್ಕದಲ್ಲಿ ಮಾತ್ರ ನಾನು ಹೊರರಾಜ್ಯದವಳು. ನಿಮ್ಮಲ್ಲೂ ಹೀಗೆಯೇ ಆಗುತ್ತಿದೆಯೇ? ಏನು ಮಾಡುತ್ತೀರಿ?

(ಅಂಗಡಿಯ ಹೆಸರು ಕೇಳಬೇಡಿ. ಜಗಳ ಅವರೊಬ್ಬರ ಮೇಲೆ ಅಲ್ಲ.)


ಕಂಗಿನ ತೋಟ
ಭಾನುವಾರ, ರಾತ್ರಿ 9.58

ಅಕ್ಕ, 1956ರ ನವೆಂಬರ್ 1ಕ್ಕೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ನಮ್ಮನ್ನು ಆಚೆ ಹಾಕಿದ ಲೆಕ್ಕವನ್ನು ಕೊರಿಯರಿನವರು ಇನ್ನೂ ಮರೆತಿಲ್ಲ ನೋಡಿ. ನಾವೇ ಮರೆಯುತ್ತಾ ಬಂದಿದ್ದೇವೆ.


ಚಂದ್ರಗಿರಿ ತೆಂಕು
ಭಾನುವಾರ, ರಾತ್ರಿ 10.05

ನಿಮಗೆ 120 ತೋರಿಸಿದರಲ್ಲ, ಅದೇ ಭಾಗ್ಯ. ನನಗೆ ಬರುವುದು ‘ಈ ಪಿನ್‌ಕೋಡಿಗೆ ಸೇವೆ ಲಭ್ಯವಿಲ್ಲ’.


ಗಡಿಮನೆ
ಭಾನುವಾರ, ರಾತ್ರಿ 10.31

ನಮ್ಮ ಉಪಾಯ ಹೇಳುತ್ತೇನೆ. ಅಕ್ಕನನ್ನು ವಿಟ್ಲಕ್ಕೆ ಕೊಟ್ಟಿದೆ. ನಾಲ್ಕು ವರ್ಷದಿಂದ ನಮ್ಮ ಮನೆಗೆ ಬೇಕಾದದ್ದೆಲ್ಲ ಅಕ್ಕನ ಮನೆಯ ವಿಳಾಸಕ್ಕೆ, 574243ಕ್ಕೆ. ತಿಂಗಳಿಗೊಮ್ಮೆ ಹೋಗಿ ಹೊತ್ತು ತರುತ್ತೇವೆ. ಉಳಿತಾಯ ಹೌದು. ಆದರೆ ಅದರ ಕಷ್ಟವನ್ನೂ ಕೇಳಿ. ಒಟಿಪಿ ಬರುವುದು ನನ್ನ ಮೊಬೈಲಿಗೆ. ನಾನು ತೋಟದ ತಗ್ಗಿನಲ್ಲಿ, ಸಿಗ್ನಲ್ ಇಲ್ಲದಲ್ಲಿ. ಅಲ್ಲಿ ಗೇಟಿನ ಎದುರು ಪಾರ್ಸೆಲ್ ಹಿಡಿದ ಹುಡುಗ, ಒಳಗೆ ಲುಂಗಿ ಎತ್ತಿಕಟ್ಟಿ ನಿಂತ ಬಾವ. ಹುಡುಗ ನನಗೆ ಕರೆ ಮಾಡುತ್ತಾನೆ, ಬಾವ ನನಗೆ ಕರೆ ಮಾಡುತ್ತಾರೆ, ಇಬ್ಬರಿಗೂ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಉತ್ತರ. ಕಳೆದ ಅಷ್ಟಮಿಗೆ ಹೋದಾಗ ಬಾವ ಜಗಲಿಯ ಮೂಲೆ ತೋರಿಸಿ, “ಇದಕ್ಕೆ ಬಾಡಿಗೆ ಯಾವಾಗಿನಿಂದ ಕೊಡುತ್ತೀಯಾ?” ಎಂದರು. ನಗುತ್ತಲೇ ಹೇಳಿದರು. ಆದರೂ ಅದರ ನಂತರ ಮಿಕ್ಸಿ ತರಿಸಲು ಮನಸ್ಸಾಗಲಿಲ್ಲ.


ಮಂಗಳೂರಿನಿಂದ
ಸೋಮವಾರ, ಬೆಳಿಗ್ಗೆ 7.12

ಕೋಪ ಮಾಡಿಕೊಳ್ಳಬೇಡಿ, ಒಂದು ಮಾತು. ಮಂಗಳೂರಿಗೆ ಬಂದು ಅಂಗಡಿಯಲ್ಲೇ ಕೊಳ್ಳಬಹುದಲ್ಲ? ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದಂತೆಯೂ ಆಗುತ್ತದೆ.


ಪೆರ್ಲದವಳು
ಸೋಮವಾರ, ಬೆಳಿಗ್ಗೆ 7.50

ಬರಬಹುದು. ಮನೆಯಿಂದ ಪೆರ್ಲ ಪೇಟೆಗೆ ಆಟೊ, ಅಲ್ಲಿಂದ ವಿಟ್ಲ, ವಿಟ್ಲದಿಂದ ಮಂಗಳೂರು. ಮಗಳನ್ನೂ ಕರೆದುಕೊಂಡು ಬಂದರೆ ಎರಡು ಟಿಕೆಟು, ಮಧ್ಯಾಹ್ನದ ಊಟ, ಅವಳಿಗೊಂದು ಐಸ್‌ಕ್ರೀಮು. 120 ರೂಪಾಯಿ ಉಳಿಸಲು ಐನೂರು ಖರ್ಚು, ಒಂದು ದಿನ ಮಣ್ಣು. ಜೊತೆಗೆ, ಇಬ್ಬರು ಅಂಗಡಿಯವರಿಗೆ ಫೋನು ಮಾಡಿ ಕೇಳಿದ್ದೇನೆ, ಆ ಪುಸ್ತಕ ಮಂಗಳೂರಿನಲ್ಲಿ ಇಲ್ಲ.


ಉಪ್ಪಳದ ಉಪ್ಪಿನಕಾಯಿ
ಸೋಮವಾರ, ಬೆಳಿಗ್ಗೆ 10.20

ಮಾರುವವನ ಕಡೆಯಿಂದಲೂ ಒಬ್ಬ ಮಾತನಾಡಬೇಕಲ್ಲ. ನಾನು ಮಿಡಿ ಉಪ್ಪಿನಕಾಯಿ ಮಾರುತ್ತೇನೆ. ಹೋದ ವಾರದ ಒಂದು ಪಾರ್ಸೆಲ್ಲಿನ ಲೆಕ್ಕ ಇಡುತ್ತೇನೆ, ನೋಡಿ. ಅರ್ಧ ಕಿಲೋ ಉಪ್ಪಿನಕಾಯಿ. ಗಾಜಿನ ಬಾಟಲಿ ಕಾಲು ಕಿಲೋ. ಒಡೆಯದಂತೆ ಸುತ್ತಿದ ಗುಳ್ಳೆ ಹಾಳೆ, ರಟ್ಟಿನ ಪೆಟ್ಟಿಗೆ, ಟೇಪು, ಎಲ್ಲ ಸೇರಿ ತಕ್ಕಡಿಯಲ್ಲಿ 910 ಗ್ರಾಂ ಬಂತು. ಕೊರಿಯರಿನವರ ಲೆಕ್ಕ ಅರ್ಧ ಅರ್ಧ ಕಿಲೋದ ಮೆಟ್ಟಿಲು, ಹಾಗಾಗಿ ಅದು ಒಂದು ಕಿಲೋ. 95 ರೂಪಾಯಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ, ಒಟ್ಟು 112 ರೂಪಾಯಿ 10 ಪೈಸೆ. ಪೆಟ್ಟಿಗೆಗೂ ಟೇಪಿಗೂ 25. ಬಾಟಲಿಯ ಒಳಗಿನ ಮಿಡಿಗೆ ನಾನು ಕೊಟ್ಟ ಬೆಲೆಗಿಂತ ಹೊರಗಿನ ಖರ್ಚೇ ಹೆಚ್ಚು.

‘ಸಾಗಣೆ ಉಚಿತ’ ಎಂದು ಹಾಕಿದವರೆಲ್ಲ ಧರ್ಮಕ್ಕೆ ಕಳುಹಿಸುತ್ತಿಲ್ಲ ಮಾರಾಯರೇ. ನನ್ನ ಅಂಗಡಿಯಲ್ಲಿ 180 ರೂಪಾಯಿಯ ಬಾಟಲಿಗೆ ಅಂತರ್ಜಾಲದಲ್ಲಿ 290 ಇಟ್ಟು ‘ಉಚಿತ’ ಎಂದು ಬರೆದಾಗ ಒಬ್ಬರೂ ಗೊಣಗಲಿಲ್ಲ. 180 ಇಟ್ಟು ಸಾಗಣೆ 110 ಎಂದು ಸತ್ಯ ಬರೆದಾಗ ಮೂರು ಜನ ಬೈದು ಸಂದೇಶ ಕಳುಹಿಸಿದರು. ನಿಮ್ಮ ಪುಸ್ತಕದವರು ಸತ್ಯ ಬರೆದ ತಪ್ಪಿಗೆ ಬೈಗುಳ ತಿನ್ನುತ್ತಿದ್ದಾರೋ ಏನೋ.

ಇನ್ನು ಕ್ಯಾಶ್ ಆನ್ ಡೆಲಿವರಿ. ಮನೆ ಬಾಗಿಲಿಗೆ ಹೋದ ಪಾರ್ಸೆಲನ್ನು ‘ಈಗ ಬೇಡ’ ಎಂದು ಹಿಂದಕ್ಕೆ ಕಳುಹಿಸಿದರೆ ಹೋದ ಬಾಡಿಗೆಯೂ ನನ್ನದು, ಬಂದ ಬಾಡಿಗೆಯೂ ನನ್ನದು. ಆ ನಷ್ಟ ಮುಂದಿನ ಗಿರಾಕಿಯ ತಲೆಗೆ ಹೋಗದೆ ಎಲ್ಲಿಗೆ ಹೋಗಬೇಕು?

ಗಡಿಯ ವಿಷಯದಲ್ಲಿ ಮಾತ್ರ ನಿಮ್ಮ ಸಿಟ್ಟು ನನ್ನದೂ ಹೌದು. ಉಪ್ಪಳದಿಂದ ತಿರುವನಂತಪುರಕ್ಕೆ ಐನೂರು ಕಿಲೋಮೀಟರಿಗೂ ಮಿಕ್ಕಿ. ಅಲ್ಲಿಗೆ ಕಳುಹಿಸಿದರೆ ರಾಜ್ಯದೊಳಗಿನ ವ್ಯಾಪಾರ. ತಲಪಾಡಿ ದಾಟಿ ಮಂಗಳೂರಿಗೆ ಕಳುಹಿಸಿದರೆ ಅಂತರರಾಜ್ಯ. ತೆರಿಗೆಯಿರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಬೇಕಾದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಬೇಕು. ದೊಡ್ಡ ಮಾರಾಟ ತಾಣಗಳ ಮೂಲಕ ನೋಂದಣಿಯಿಲ್ಲದ ಸಣ್ಣವರು ಮಾರಬಹುದೆಂದು 2023ರ ಅಕ್ಟೋಬರ್ 1ರಿಂದ ಸಡಿಲಿಸಿದರು. ಅದೂ ರಾಜ್ಯದ ಒಳಗೆ ಮಾತ್ರ. ಮೈಸೂರಿನ ಸಣ್ಣ ವ್ಯಾಪಾರಿಗೆ ಸುತ್ತಲೂ ರಾಜ್ಯವೇ. ನಮಗೆ ಒಂದು ಕಡೆ ಕಡಲು, ಒಂದು ಕಡೆ ಗಡಿ. ಹೆಂಡತಿ ಹಪ್ಪಳ ಮಾರುತ್ತಾಳೆ, ಹಪ್ಪಳಕ್ಕೆ ತೆರಿಗೆ ಇಲ್ಲ, ಅವಳಿಗೆ ಈ ತಲೆನೋವೂ ಇಲ್ಲ. “ನೀವೂ ಹಪ್ಪಳಕ್ಕೆ ಬನ್ನಿ” ಎನ್ನುತ್ತಾಳೆ.


ಪುತ್ತೂರಿನ ಹಾಳೆತಟ್ಟೆ
ಸೋಮವಾರ, ಮಧ್ಯಾಹ್ನ 1.45

ತೂಕದ ಮಾತು ಬಂದದ್ದು ಒಳ್ಳೆಯದಾಯಿತು. ತೂಕವಿಲ್ಲದವನ ಸಂಕಟವನ್ನೂ ಕೇಳಿ. ನನ್ನದು ಅಡಿಕೆ ಹಾಳೆಯ ತಟ್ಟೆ. ಕುಂಬಳೆಯ ಒಬ್ಬರು ಹತ್ತಿಂಚಿನ ಮೂವತ್ತು ತಟ್ಟೆ ಕೇಳಿದರು. ಪೆಟ್ಟಿಗೆಯಲ್ಲಿ ಹಾಕಿ ತೂಗಿದರೆ ಒಂದು ಕಿಲೋ ಆಸುಪಾಸು. ಕೊರಿಯರ್ ಕಚೇರಿಯಲ್ಲಿ ಹುಡುಗ ತಕ್ಕಡಿಯ ಕಡೆ ತಿರುಗಿಯೂ ನೋಡಲಿಲ್ಲ, ಮೇಜಿನ ಒಳಗಿನಿಂದ ಟೇಪು ತೆಗೆದ. ಉದ್ದ 27 ಸೆಂಟಿಮೀಟರ್, ಅಗಲ 27, ಎತ್ತರ 22. ಮೂರನ್ನೂ ಗುಣಿಸಿ 5,000ದಿಂದ ಭಾಗಿಸಿದ. 3.2 ಬಂತು. “ಮೂರೂವರೆ ಕಿಲೋ ಸಾರ್” ಎಂದ. ವಾಹನದಲ್ಲಿ ಜಾಗ ತಿನ್ನುತ್ತದೆ ಎಂಬುದು ಅವರ ನ್ಯಾಯ. ನಿಜವಾದ ತೂಕ, ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು.

ಅದರ ಮೇಲೆ ಒಂದು ಪಾಠ ಕಲಿತೆ. ತಟ್ಟೆಯೊಳಗೆ ತಟ್ಟೆ ಕೂರುತ್ತದೆ. ಮೊದಲನೆಯ ತಟ್ಟೆಗೆ ಎರಡೂವರೆ ಸೆಂಟಿಮೀಟರ್ ಎತ್ತರ ಬೇಕು, ನಂತರದ ಒಂದೊಂದಕ್ಕೆ ಅರ್ಧ ಸೆಂಟಿಮೀಟರಿನಷ್ಟು ಸಾಕು. ನಡುವೆ ಹಾಕುತ್ತಿದ್ದ ದಪ್ಪ ಕಾಗದ ತೆಗೆದು, ಮೇಲೆ ಹಲಗೆಯಿಟ್ಟು ಒತ್ತಿ, ಹಗ್ಗದಲ್ಲಿ ಬಿಗಿದು, ಪೆಟ್ಟಿಗೆಯನ್ನು ಅಳತೆಗೆ ಕತ್ತರಿಸಿದರೆ ಎತ್ತರ 22ರಿಂದ 17ಕ್ಕೆ ಇಳಿಯಿತು. ಮೂರೂವರೆ ಕಿಲೋ ಎರಡೂವರೆ ಕಿಲೋ ಆಯಿತು. ತಟ್ಟೆ ಅಷ್ಟೇ! ನೀವು ದೊಡ್ಡ ಪೆಟ್ಟಿಗೆಯಲ್ಲಿ ಸಣ್ಣ ಸಾಮಾನು ಬಂದದ್ದನ್ನು ಕಂಡು ನಗುತ್ತೀರಲ್ಲ, ಆ ಪೆಟ್ಟಿಗೆಯೊಳಗಿನ ಗಾಳಿಗೂ ಯಾರೋ ಬಾಡಿಗೆ ಕೊಟ್ಟಿರುತ್ತಾರೆ.


ಕಲಾಸಿಪಾಳ್ಯ ಬೆಳಗ್ಗೆ ಐದು
ಸೋಮವಾರ, ಸಂಜೆ 6.30

ಬೆಂಗಳೂರಿನಲ್ಲಿದ್ದೇನೆ, ಮನೆ ನೀರ್ಚಾಲಿನ ಹತ್ತಿರ. ಅಮ್ಮ ಕೊರಿಯರ್ ಎಂಬ ಶಬ್ದವನ್ನೇ ಒಪ್ಪುವುದಿಲ್ಲ. ಹಲಸಿನ ಹಪ್ಪಳ, ತೆಂಗಿನೆಣ್ಣೆ, ಒಂದು ಕಟ್ಟು ಒಣಗಿಸಿದ ಪುನರ್ಪುಳಿ, ಎಲ್ಲವೂ ರಾತ್ರಿ ಬಸ್ಸಿನಲ್ಲೇ. ಚಾಲಕರ ಕೈಗೆ ನೂರು ರೂಪಾಯಿ, ನನಗೆ ಬಸ್ಸಿನ ಸಂಖ್ಯೆ. ಬೆಳಗಿನ ಐದಕ್ಕೆ ಕಲಾಸಿಪಾಳ್ಯದಲ್ಲಿ ನಿದ್ದೆಗಣ್ಣಿನಲ್ಲಿ ನಿಂತಿರುತ್ತೇನೆ. ಹತ್ತು ಕಿಲೋ ಇದ್ದರೂ ಅದೇ ನೂರು. ಒಮ್ಮೆ ಎಣ್ಣೆಯ ಕ್ಯಾನು ಸೋರಿ ಹಪ್ಪಳವೆಲ್ಲ ಹುರಿಯುವ ಮೊದಲೇ ಎಣ್ಣೆ ಕುಡಿದಿದ್ದವು. ಅಮ್ಮ ಹೇಳಿದ್ದು, “ಒಳ್ಳೆಯದಾಯಿತು, ಬಾಣಲೆಗೆ ಎಣ್ಣೆ ಕಡಿಮೆ ಸಾಕು.”

ಪೆರ್ಲದ ಅಕ್ಕ, ಪುಸ್ತಕ ನಾನೇ ಕೊಂಡು ಬಸ್ಸಿಗೆ ಹಾಕಲೇ?


ಪೆರ್ಲದವಳು
ಸೋಮವಾರ, ಸಂಜೆ 7.02

ತಮ್ಮಾ, ಕೇಳಿದ್ದೇ ಸಂತೋಷ. ಒಂದು ಪುಸ್ತಕಕ್ಕೆ ನೀನು ಐದು ಗಂಟೆಗೆ ಏಳುವುದು ಬೇಡ.


ಅಂಚೆಯಲ್ಲಿ ಮೂವತ್ತೈದು ವರ್ಷ
ಸೋಮವಾರ, ರಾತ್ರಿ 8.15

ಕುಂಬಳೆಯಲ್ಲಿ ನಿವೃತ್ತ ಜೀವನ. ಇಷ್ಟು ಹೊತ್ತಾದರೂ ಅಂಚೆಯ ಹೆಸರು ಯಾರ ಬಾಯಲ್ಲೂ ಬರಲಿಲ್ಲವೆಂಬ ಬೇಸರದಿಂದ ಬರೆಯುತ್ತಿದ್ದೇನೆ.

ಮೊದಲು ಪಿನ್‌ಕೋಡಿನ ಮೇಲಿನ ಸಿಟ್ಟು ಬಿಡಿ, ಅದರ ತಪ್ಪಿಲ್ಲ. 1972ರ ಆಗಸ್ಟ್ 15ರಂದು ಅದು ಬಂದದ್ದು ಕಾಗದಗಳನ್ನು ವಿಂಗಡಿಸುವುದಕ್ಕೆ. 6 ಎಂದರೆ ಕೇರಳ, ತಮಿಳುನಾಡಿನ ಕಡೆಯ ಚೀಲ, 5 ಎಂದರೆ ಕರ್ನಾಟಕ, ಆಂಧ್ರದ ಕಡೆಯ ಚೀಲ. ಅದನ್ನು ದರಪಟ್ಟಿ ಮಾಡಿದ್ದು ಮಾರುವವರು. ‘ರಾಜ್ಯದೊಳಗೆ ಇಷ್ಟು, ಹೊರಗೆ ಇಷ್ಟು’ ಎಂದು ಎರಡೇ ಸಾಲು ಬರೆದಿಟ್ಟರೆ ಅವರಿಗೆ ಲೆಕ್ಕ ಸುಲಭ.

ಅಂಚೆಯ ಸ್ಪೀಡ್ ಪೋಸ್ಟ್ ರಾಜ್ಯ ನೋಡುವುದಿಲ್ಲ, ದೂರ ನೋಡುತ್ತದೆ. 2025ರ ಅಕ್ಟೋಬರ್ 1ರಿಂದ ಬಂದ ದರದಲ್ಲಿ 250 ಗ್ರಾಂ ಮೀರಿ ಅರ್ಧ ಕಿಲೋವರೆಗಿನ ಲಕೋಟೆಗೆ 201ರಿಂದ 500 ಕಿಲೋಮೀಟರಿಗೆ 75 ರೂಪಾಯಿ, 501ರಿಂದ 1,000 ಕಿಲೋಮೀಟರಿಗೆ 82. ತೆರಿಗೆ ಬೇರೆ. ಅಂದರೆ ಬೆಂಗಳೂರಿನಿಂದ ಪೆರ್ಲಕ್ಕೆ 75, ಬೀದರಿಗೆ 82. ನ್ಯಾಯ ಸಿಕ್ಕಿತೇ?

ಪುಸ್ತಕವಾದರೆ ಇನ್ನೂ ಅಗ್ಗದ ದಾರಿ ಇದೆ. ಹಿಂದೆ ಪುಸ್ತಕಗಳಿಗೆಂದೇ ರಿಯಾಯಿತಿಯ ನೋಂದಾಯಿತ ಬುಕ್ ಪೋಸ್ಟ್ ಇತ್ತು. 2024ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ಕಂಗಾಲಾದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ಹೆಚ್ಚೆಂದರೆ ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಪೆರ್ಲವಾದರೂ ಸರಿ, ಕಾಶ್ಮೀರವಾದರೂ ಸರಿ. ನೆಲದ ದಾರಿಯಲ್ಲಿ ಬರುವುದರಿಂದ ನಿಧಾನ, ಆದರೆ ಎಲ್ಲಿದೆ ಎಂದು ನೋಡಲು ಸಂಖ್ಯೆ ಸಿಗುತ್ತದೆ. ನಿಮ್ಮ ಮಾರಾಟಗಾರರಿಗೆ ಫೋನು ಮಾಡಿ ಕೇಳಿ. ಎಷ್ಟೋ ಮಂದಿಗೆ ಇದು ಇರುವುದೇ ಗೊತ್ತಿಲ್ಲ.


ಬದಿಯಡ್ಕದ ಟೀಚರ್
ಸೋಮವಾರ, ರಾತ್ರಿ 8.40

ಸಾರ್, ಇರುವುದು ಕೌಂಟರಿನಲ್ಲಿ ಕುಳಿತವರಿಗೂ ಗೊತ್ತಿರಬೇಕಲ್ಲ! ಶಾಲೆಯ ಗ್ರಂಥಾಲಯದ ಹಳೆಯ ಪ್ರತಿಗಳನ್ನು ಇನ್ನೊಂದು ಶಾಲೆಗೆ ಕಳುಹಿಸಲು ಹೋಗಿದ್ದೆ. ಊರು ಹೇಳುವುದಿಲ್ಲ. ಕೌಂಟರಿನವರು ಕಟ್ಟನ್ನು ಹಿಂದೆ ಮುಂದೆ ತಿರುಗಿಸಿ, “ಇದು ಪಠ್ಯಪುಸ್ತಕವೇ?” ಎಂದು ಕೇಳಿದರು. ಕಥೆ, ಕವನ ಎಂದೆ. “ಹಾಗಾದರೆ ಪಾರ್ಸೆಲ್” ಎಂದರು. ಹಿಂದೆ ಏಳೆಂಟು ಜನರ ಸಾಲು. ವಾದಿಸಲು ಧೈರ್ಯ ಬರಲಿಲ್ಲ, ಮೂರು ಪಟ್ಟು ಕೊಟ್ಟು ಬಂದೆ. ನಲವತ್ತು ಮಕ್ಕಳನ್ನು ಬೆರಳಿನಲ್ಲಿ ಕೂರಿಸುವವಳು ಒಂದು ಕಿಟಕಿಯ ಎದುರು ಬೆಕ್ಕಾದೆ.


ಅಂಚೆಯಲ್ಲಿ ಮೂವತ್ತೈದು ವರ್ಷ
ಸೋಮವಾರ, ರಾತ್ರಿ 9.05

ಟೀಚರ್, ಅವರ ಪರವಾಗಿ ನಾನೇ ಕ್ಷಮೆ ಕೇಳುತ್ತೇನೆ. ಪಠ್ಯಪುಸ್ತಕ ಮಾತ್ರವಲ್ಲ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳೂ ಸೇರುತ್ತವೆ. ಕಟ್ಟಿನ ಮೇಲೆ ದೊಡ್ಡದಾಗಿ ‘ಜ್ಞಾನ ಪೋಸ್ಟ್’ ಎಂದು ಬರೆದೇ ಒಯ್ಯಿರಿ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ನಿಯತಕಾಲಿಕ ಆಗದು, ಜಾಹೀರಾತಿನ ಸರಕು ಆಗದು. ಒಳಗೆ ‘ಪ್ರೀತಿಯ ಮಗುವಿಗೆ’ ಎಂದು ಕಾಗದ ಬರೆದು ಇಡಬೇಡಿ, ಅದೂ ಆಗದು. ಮತ್ತೆ ಒಂದು, ವಿಳಾಸವನ್ನು ಕನ್ನಡದಲ್ಲಿ ಮಾತ್ರ ಬರೆಯಬೇಡಿ ಎಂದು ಕಳುಹಿಸುವವರಿಗೆ ಹೇಳಿ. ಪೆರ್ಲದ ಅಂಚೆಯಣ್ಣ ಓದುತ್ತಾರೆ. ದಾರಿಯಲ್ಲಿ ವಿಂಗಡಿಸುವ ಎಲ್ಲರಿಗೂ ಕನ್ನಡ ಬರಬೇಕೆಂದಿಲ್ಲ. ನನ್ನ ಕಾಲದಲ್ಲಿ ಕನ್ನಡ ವಿಳಾಸದ ಕಟ್ಟುಗಳನ್ನು ನನ್ನ ಮೇಜಿಗೆ ತಂದು ಹಾಕುತ್ತಿದ್ದರು, “ಇದು ನಿಮ್ಮದು” ಎಂದು.


ಕಾನೂನು ಓದಿ ಕೃಷಿ ಮಾಡುವವ
ಮಂಗಳವಾರ, ಬೆಳಿಗ್ಗೆ 6.50

ಒಂದು ಸಣ್ಣ ಸೇರ್ಪಡೆ. ಸಾಗಣೆಗೆ ಎಷ್ಟು ಹಾಕಬೇಕು ಎಂಬುದಕ್ಕೆ ಕಾನೂನಿನ ಮಿತಿ ಇಲ್ಲ, ಹಾಗಾಗಿ 120 ತಪ್ಪಲ್ಲ. ಆದರೆ 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ಸಾಗಣೆ, ತೆರಿಗೆ ಎಲ್ಲವನ್ನೂ ಬಿಡಿಸಿ ತೋರಿಸಬೇಕು. ಮೊದಲು ಕಡಿಮೆ ತೋರಿಸಿ, ಹಣ ಕಟ್ಟುವ ಹೊತ್ತಿಗೆ ಒಂದೊಂದೇ ಶುಲ್ಕ ತೊಟ್ಟಿಕ್ಕಿಸುವುದನ್ನು 2023ರ ನವೆಂಬರ್ 30ರ ಮಾರ್ಗಸೂಚಿ ಗ್ರಾಹಕರನ್ನು ಮರುಳು ಮಾಡುವ 13 ತಂತ್ರಗಳ ಸಾಲಿಗೆ ಸೇರಿಸಿದೆ. ಕೇಳದೆಯೇ ಬುಟ್ಟಿಗೆ ‘ವಿಮೆ 9 ರೂಪಾಯಿ’ ತುರುಕುವುದೂ ಅದರಲ್ಲಿ ಇದೆ. ದೂರಿಗೆ ಗ್ರಾಹಕ ಸಹಾಯವಾಣಿ 1915. ಪಿನ್‌ಕೋಡ್ ಹಾಕಿದ ಮೇಲೆ ದರ ಬದಲಾಗುವುದು ಬೇರೆ, ಪೆರ್ಲದವರದ್ದು ಆ ಬಗೆಯದ್ದು. ಫೋನು ಮಾಡಿ ಮಾತನಾಡುವುದೇ ಲೇಸು.


ಪೆರ್ಲದವಳು
ಮಂಗಳವಾರ, ಮಧ್ಯಾಹ್ನ 12.30

ಮಾತನಾಡಿದೆ! ವಯಸ್ಸಾದವರು, ಮೃದು ಮಾತು. “ಅಮ್ಮಾ, ಜಾಲತಾಣ ಮಾಡಿಕೊಟ್ಟ ಹುಡುಗ ರಾಜ್ಯ ಕೇಳಿದ, ನಾನು ಕರ್ನಾಟಕ ಎಂದೆ. ಕಾಸರಗೋಡು ನನ್ನ ತಲೆಗೆ ಬರಲೇ ಇಲ್ಲ” ಎಂದರು. ಕೇಳಿ ಒಂದು ಗಳಿಗೆ ಸುಮ್ಮನಾದೆ. ಅವರಿಗೆ ಜ್ಞಾನ ಪೋಸ್ಟ್ ಗೊತ್ತಿತ್ತು, ಆದರೆ ಒಂದೊಂದು ಪುಸ್ತಕಕ್ಕೆ ಅಂಚೆ ಕಚೇರಿಯಲ್ಲಿ ನಿಲ್ಲಲು ಆಳಿಲ್ಲ, ಕೊರಿಯರಿನವರು ಅಂಗಡಿಗೇ ಬಂದು ಒಯ್ಯುತ್ತಾರೆ. “ಐದು ಕಿಲೋ ಒಟ್ಟಿಗೆ ತೆಗೆದುಕೊಳ್ಳುವುದಾದರೆ ನಾನೇ ಹೋಗಿ ಹಾಕಿ ಬರುತ್ತೇನೆ” ಎಂದಿದ್ದಾರೆ.

ಐದು ಕಿಲೋ ಎಂದರೆ ಕಾಲು ಕಿಲೋದ ಇಪ್ಪತ್ತು ಪುಸ್ತಕ. ಶೇಕಡ 18 ತೆರಿಗೆ ಸೇರಿಸಿದರೂ ತಲೆಗೆ ಆರು ರೂಪಾಯಿ ಬೀಳುತ್ತದೆ. ಯಾರಿಗೆಲ್ಲ ಬೇಕು?


ಬದಿಯಡ್ಕದ ಟೀಚರ್
ಮಂಗಳವಾರ, ಮಧ್ಯಾಹ್ನ 12.41

ಶಾಲೆಗೆ ಒಂಬತ್ತು. ಪಟ್ಟಿ ಸಂಜೆ ಕೊಡುತ್ತೇನೆ.


ಗಡಿಮನೆ
ಮಂಗಳವಾರ, ಮಧ್ಯಾಹ್ನ 1.10

ಬಾವನಿಗೆ ಒಂದು. ಕಾಣಿಕೆ. ಜಗಲಿಯ ಬಾಡಿಗೆ ಎಂದುಕೊಳ್ಳಿ.


ಕಂಗಿನ ತೋಟ
ಮಂಗಳವಾರ, ಮಧ್ಯಾಹ್ನ 1.15

ನನಗೆ ಕಾಳುಮೆಣಸಿನ ಕೃಷಿಯ ಪುಸ್ತಕ. ದಪ್ಪ ಇದ್ದರೆ ಕ್ಷಮಿಸಿ.


ಪೆರ್ಲದವಳು
ಶುಕ್ರವಾರ, ಸಂಜೆ 4.20

ಬೆಂಗಳೂರಿನಿಂದ ಫೋನು ಬಂದಿತ್ತು. ಹದಿನೆಂಟು ಪುಸ್ತಕ, ರಟ್ಟಿನ ಪೆಟ್ಟಿಗೆ ಸೇರಿ 5 ಕಿಲೋ 140 ಗ್ರಾಂ. “ಯಾವುದನ್ನು ತೆಗೆಯಲಿ?” ಎಂದು ಕೇಳುತ್ತಿದ್ದಾರೆ. ನಾಳೆ ಬೆಳಿಗ್ಗೆ ಹತ್ತರೊಳಗೆ ಹೇಳಬೇಕು.


ಬದಿಯಡ್ಕದ ಟೀಚರ್
ಶುಕ್ರವಾರ, ಸಂಜೆ 4.26

ನನ್ನ ಒಂಬತ್ತರಲ್ಲಿ ಒಂದನ್ನು ತೆಗೆಯಲಿ.


ಕಂಗಿನ ತೋಟ
ಶುಕ್ರವಾರ, ಸಂಜೆ 4.33

ಮಕ್ಕಳ ಪುಸ್ತಕ ಬೇಡ ಟೀಚರ್. ಕಾಳುಮೆಣಸನ್ನೇ ತೆಗೆಯಲಿ. ಹೇಗಿದ್ದರೂ ಈ ವರ್ಷ ಬಳ್ಳಿ ಕೊಳೆತಿದೆ.


ಪುತ್ತೂರಿನ ಹಾಳೆತಟ್ಟೆ
ಶುಕ್ರವಾರ, ಸಂಜೆ 4.50

ಪುಸ್ತಕ ಯಾಕೆ ತೆಗೆಯಬೇಕು? ಪೆಟ್ಟಿಗೆ ತೆಗೆಯಲು ಹೇಳಿ! ಅಷ್ಟು ದೊಡ್ಡ ರಟ್ಟಿನ ಪೆಟ್ಟಿಗೆಯೇ ಮುನ್ನೂರು ಗ್ರಾಂ ಇರುತ್ತದೆ. ಕಂದು ಕಾಗದದಲ್ಲಿ ಸುತ್ತಿ ಹುರಿಯಲ್ಲಿ ಅಡ್ಡ ಉದ್ದ ಬಿಗಿದರೆ ಸಾಕು.


ಅಂಚೆಯಲ್ಲಿ ಮೂವತ್ತೈದು ವರ್ಷ
ಶುಕ್ರವಾರ, ಸಂಜೆ 5.15

ಬಿಗಿಯುವುದು ಸರಿ. ಆದರೆ ಇಲ್ಲಿ ಮೂರು ದಿನದಿಂದ ಆಕಾಶ ತೂತಾದಂತೆ ಮಳೆ ಸುರಿಯುತ್ತಿದೆ. ಬರೀ ಕಾಗದದ ಕಟ್ಟು ಪೆರ್ಲ ತಲುಪುವಾಗ ಹಿಟ್ಟಾಗಿರುತ್ತದೆ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಕಲೇಬೇಕು.


ಪೆರ್ಲದವಳು
ಶುಕ್ರವಾರ, ಸಂಜೆ 5.19

ಪ್ಲಾಸ್ಟಿಕ್ ಹಾಳೆ ಎಷ್ಟು ಗ್ರಾಂ ಇರುತ್ತದೆ?